ಹಿಂಡಲಗಾದ ಅಂಗಳದಲ್ಲಿ ಅಂಜನಿ

ನಮ್ಮ ಅತ್ತೆ ಮದುವೆಯಾಗಿ ಬಂದಂದಿನಿಂದ ಬೆಳಗಾವಿಯ ಹಳೇ ಪೇಟೆಯ ಒಂದು ಗಲ್ಲಿಯಲ್ಲೇ ಇದ್ದವರು. ಎರಡು ಸಾಲು ಮನೆ, ನಡುವೆ ಒಂದು ಗಾಡಿ ಹಾಯುವಷ್ಟು ದಾರಿ, ಕಾಲಡಿಗೆಲ್ಲ ಶಹಾಬಾದಿ ಕಲ್ಲು. ಆ ಮನೆಯಲ್ಲಿ ಮಣ್ಣು ಕಾಣಬೇಕಾದರೆ ಮಾಳಿಗೆ ಹತ್ತಬೇಕಿತ್ತು. ಅಲ್ಲಿ ಎಣ್ಣೆಯ ಖಾಲಿ ಡಬ್ಬಿಗಳಲ್ಲಿ ಅವರು ಕೊತ್ತಂಬರಿ, ಸೇವಂತಿಗೆ, ಒಂದು ದುಂಡು ಮಲ್ಲಿಗೆ ಬೆಳೆಸಿದ್ದರು. ಬೇಸಿಗೆ ಬಂತೆಂದರೆ ಡಬ್ಬಿಗಳು ಕಾದ ಹಂಚಿನಂತಾಗುತ್ತಿದ್ದವು. ಆಗ ಅವುಗಳಿಗೆ ಹಳೇ ಸೀರೆಯ ಒದ್ದೆ ತುಂಡು ಸುತ್ತುತ್ತಿದ್ದರು. ಜ್ವರ ಬಂದ ಮಕ್ಕಳಿಗೆ ಪಟ್ಟಿ ಹಾಕಿದ ಹಾಗೆ ಕಾಣುತ್ತಿತ್ತು.

ನಾನು ಘಟ್ಟದಂಚಿನ ಗುಂಜಿ ಕಡೆಯ ಒಕ್ಕಲು ಮನೆಯವಳು. ಅವರದು ಜೈನ ಮನೆತನ, ಅಜ್ಜನ ಕಾಲದಿಂದ ಬಟ್ಟೆ ವ್ಯಾಪಾರ. ನಾನೂ ನನ್ನ ಯಜಮಾನರೂ ಒಂದೇ ಆಫೀಸಿನಲ್ಲಿದ್ದೆವು, ಮದುವೆಯಾದೆವು. ಎರಡೂ ಕಡೆಯವರು ಕೆಲವು ತಿಂಗಳು ಮುಖ ಬಿಗಿದುಕೊಂಡಿದ್ದು, ಆಮೇಲೆ ಬೇಸರಬಂದು ಬಿಟ್ಟರು. ಅತ್ತೆ ನನಗೆ ಮೊಟ್ಟಮೊದಲು ಕಲಿಸಿದ್ದು ನೀರು ಸೋಸುವುದನ್ನು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸಬೇಕು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವ ಸಾಯದ ಹಾಗೆ ಅದನ್ನು ಮತ್ತೆ ನೀರಿಗೇ ಬಿಡಬೇಕು. ಹೊತ್ತು ಮುಳುಗುವ ಮುಂಚೆ ಊಟ, ಗಡ್ಡೆಗೆಣಸು ಇಲ್ಲ, ಉಳ್ಳಾಗಡ್ಡಿ ಇಲ್ಲ. ನನಗೆ ಇದೆಲ್ಲ ಕಷ್ಟವೆನಿಸಲಿಲ್ಲ. ಆದರೆ ಅಷ್ಟು ಹಸಿರು ನೋಡುತ್ತ ಬೆಳೆದವಳಿಗೆ ಆ ಗಲ್ಲಿಯಲ್ಲಿ ಕಣ್ಣಿಗೆ ಏನೋ ಕಡಿಮೆಯಾದಂತೆ ಇರುತ್ತಿತ್ತು. ಅತ್ತೆಗೂ ಹಾಗೇ ಇತ್ತೆಂದು ಗೊತ್ತಾದದ್ದು ಬಹಳ ತಡವಾಗಿ.

ಮಕ್ಕಳು ಓದು ಮುಗಿಸಿ ಬೇರೆ ಊರು ಸೇರಿದ ಮೇಲೆ, ಊರಂಚಿನ ಹಿಂಡಲಗಾದ ಕಡೆ ನಾವು ಸಣ್ಣದೊಂದು ಮನೆ ಕಟ್ಟಿಸಿದೆವು. ಮನೆಯ ಮುಂದೆ ಸ್ವಲ್ಪ ಜಾಗ ಉಳಿಯಿತು. ಯಜಮಾನರಿಗೆ ಅಲ್ಲೆಲ್ಲ ಪೇವರ್ ಕಲ್ಲು ಹಾಸಿ ಕಾರು ನಿಲ್ಲಿಸಬೇಕೆಂಬ ಆಸೆ. ಗೌಂಡಿ ಹಗ್ಗ ಹಿಡಿದು ಅಳತೆ ಮಾಡುತ್ತಿದ್ದಾಗ ಅತ್ತೆ ಹೊರಗೆ ಬಂದು ನಿಂತರು.

"ಪೂರ್ತಿ ಮುಚ್ಚಬ್ಯಾಡ್ರಪಾ," ಅಂದರು. "ಕಾರಿನ ಬಾಜೂಕ ಒಂದೀಟು ಮಣ್ಣು ಬಿಡ್ರಿ. ಇಷ್ಟು ವರ್ಷ ಕಲ್ಲ ಮ್ಯಾಲ ಓಡಾಡೀನಿ."

ಯಜಮಾನರು ಗೌಂಡಿಯ ಕೈಯಿಂದ ಹಗ್ಗ ಇಸಿದುಕೊಂಡು ತಾವೇ ಅದನ್ನು ಹಿಂದಕ್ಕೆ ಸರಿಸಿದರು.

ಆ ಮಣ್ಣಿನಲ್ಲಿ ಏನು ಹಚ್ಚಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ. ನಾನು ಪಾರಿಜಾತ ಅಂದೆ, ಯಜಮಾನರು ಲಾನ್ ಅಂದರು. ಅತ್ತೆ, "ನೋಡೂಣು," ಅಂದರು. ಹೋಳಿ ಕಳೆದ ಮೇಲೆ ಒಂದು ರವಿವಾರ ಗುಂಜಿಯಲ್ಲಿರುವ ನನ್ನ ಅಣ್ಣನ ಮನೆಗೆ ಮೂವರೂ ಹೋದೆವು. ಅತ್ತೆ ಅಲ್ಲಿಗೆ ಹೋಗಿದ್ದು ಕಡಿಮೆ. ಹೋದರೆ ಊಟದ ತೊಂದರೆ, ಇನ್ನೊಬ್ಬರಿಗೆ ಭಾರ ಎಂದು ಅವರ ಸಂಕೋಚ. ಆ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಹೊಸ ಪಾತ್ರೆ ತೆಗೆದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಸೋಕಿಸದೆ ಹೆಸರುಬೇಳೆ ಪಲ್ಯ, ಚಪಾತಿ, ಅಕ್ಕಿ ಪಾಯಸ ಮಾಡಿದ್ದಳು. ಉಂಡಾದ ಮೇಲೆ ಅಣ್ಣ, "ಬರ್ರಿ ಅವ್ವಾರ, ನಮ್ಮ ಗೇರ ಗಿಡ ತೋರಸ್ತೀನಿ," ಎಂದು ಹೊಲದ ಕಡೆ ಕರೆದುಕೊಂಡು ಹೋದ.

ಅಣ್ಣನ ಹೊಲ ಇಳಿಜಾರಿನಲ್ಲಿದೆ. ಮೇಲಿನ ಬದುವಿನ ಆಚೆಗೆ ಅಡವಿ ಶುರುವಾಗುತ್ತದೆ. ಆ ಬದುವಿನ ಮೇಲೆ, ನಾನು ಹುಡುಗಿಯಾಗಿದ್ದಾಗಿನಿಂದ ನೋಡಿದ ಒಂದು ಅಂಜನಿ ಪೊದೆ ಇತ್ತು. ಅಂಜನಿ ನಮ್ಮ ಘಟ್ಟದ ಗಿಡ. ವರ್ಷವಿಡೀ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ದಪ್ಪ ಎಲೆಯ, ಮೆಲ್ಲಗೆ ಬೆಳೆಯುವ ಸಾದಾ ಪೊದೆ. ಕಟ್ಟಿಗೆ ಬಹಳ ಗಟ್ಟಿ. ಬೇಲಿಯ ಗೂಟಕ್ಕೆ, ಉರುವಲಿಗೆ ಎಂದು ಕಡಿದು ಕಡಿದು ನಮ್ಮೂರ ಸುತ್ತ ಈಗ ಅಲ್ಲೊಂದು ಇಲ್ಲೊಂದು ಉಳಿದಿದೆ. ಆದರೆ ಬೇಸಿಗೆಯ ಬಾಯಲ್ಲಿ ಕೆಲವು ದಿನ ಅದು ಹೂ ಬಿಡುತ್ತದೆ. ತುದಿಯಲ್ಲಲ್ಲ, ಎಲೆಯಿಲ್ಲದ ಬರಿಯ ಕೊಂಬೆಗೇ ಬುಡದಿಂದ ಗುಂಪುಗುಂಪಾಗಿ ಅಂಟಿಕೊಂಡ ಹಾಗೆ. ಒಂದೊಂದು ಹೂವೂ ಜೋಳದ ಕಾಳಿನಷ್ಟು. ಬಣ್ಣ ನೀಲಿ ಅಂದರೆ ನೀಲಿ, ನೇರಳೆ ಅಂದರೆ ನೇರಳೆ.

ಆ ದಿನ ಪೊದೆ ಪೂರ್ತಿ ಅರಳಿತ್ತು. ಅತ್ತೆ ನಡೆಯುತ್ತಿದ್ದವರು ನಿಂತುಬಿಟ್ಟರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದೇನವಾ ಇದು? ಕಟಗೀಗೆ ಹೂ ಬಿಟ್ಟಾವಲ್ಲ?"

"ಅಂಜನಿ ಅಂತಾರ್ರಿ ಇದಕ್ಕ," ಅಂದ ಅಣ್ಣ. "ಅಡವಿ ಗಿಡ."

ಅತ್ತೆ ಹೂ ಕೀಳಲಿಲ್ಲ. ಅವರು ಯಾವ ಗಿಡದಿಂದಲೂ ಹೂ ಕಿತ್ತವರಲ್ಲ. ದೇವರಿಗೂ ಉದುರಿದ್ದನ್ನೇ ಆರಿಸುತ್ತಿದ್ದರು. ಬಗ್ಗಿ ನೆಲದ ಮೇಲೆ ಬಿದ್ದ ನಾಲ್ಕು ಹೂ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಯಜಮಾನರ ಕಡೆ ತಿರುಗಿ ಹೇಳಿದರು: "ನಮ್ಮ ಮನೀ ಮುಂದ ಇದನ್ನ ಹಚ್ಚೂಣು."

ಅಣ್ಣ ನಕ್ಕ. "ಊರಾಗ ಇದು ಬರಂಗಿಲ್ರಿ ಅವ್ವಾರ. ನರ್ಸರಿ ಗಿಡ ಅಲ್ರಿ ಇದು."

"ಹಚ್ಚಿ ನೋಡೀರೇನು?"

"ಇಲ್ರಿ. ಅಡವ್ಯಾಗ ತಾನ ಬರೂದನ್ನ ಯಾರ್ ಹಚ್ತಾರ್ರಿ?"

"ಹಂಗಾರ ಬರಂಗಿಲ್ಲಂತ ಹ್ಯಾಂಗ ಹೇಳ್ತೀರಿ?"

ಅಣ್ಣ ಮತ್ತೆ ನಕ್ಕ. ಮಳೆ ಬೀಳಲಿ, ಬದುವಿನ ಮೇಲಿನ ಒಂದು ಮರಿ ಗಿಡ ಕಿತ್ತು ತಂದುಕೊಡುತ್ತೇನೆ ಎಂದು ಒಪ್ಪಿಕೊಂಡ.

ಜೂನ್ ತಿಂಗಳಲ್ಲಿ ಅವನು ಗೋಣಿ ಚೀಲದಲ್ಲಿ ಬೇರಿನ ಮಣ್ಣು ಸಮೇತ ಮರಿ ಕಟ್ಟಿಕೊಂಡು ರೈಲಿನಲ್ಲಿ ಬಂದ. ಮಣ್ಣೆಲ್ಲ ದಾರಿಯಲ್ಲೇ ಉದುರಿ ಬೇರು ಹೊರಗೆ ಬಂದಿತ್ತು. ಆದರೂ ಹಚ್ಚಿದೆವು. ವಾರದೊಳಗೆ ಎಲೆ ಬಾಗಿತು, ಆಮೇಲೆ ಒಂದೊಂದಾಗಿ ಉದುರಿತು. ಅತ್ತೆ ಒಣಗಿದ ಕಡ್ಡಿಯ ಹತ್ತಿರ ಇಡೀ ಮಳೆಗಾಲ ದಿನಾ ಮುಂಜಾನೆ ಹೋಗಿ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕೈಬಿಟ್ಟರು.

ನಾನು ಪೇಟೆಯ ನರ್ಸರಿಗಳಲ್ಲಿ ಕೇಳಿಕೊಂಡು ಬಂದೆ. ಒಬ್ಬರಿಗೂ ಅಂಜನಿ ಗೊತ್ತಿರಲಿಲ್ಲ. ಒಬ್ಬಾತ ನನ್ನ ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ನೋಡಿ, "ಬಾಯಾರ, ಇದಕ್ಕಿಂತ ಚಲೋ ನೀಲಿ ಹೂ ಐತ್ರಿ ನಮ್ಮಲ್ಲಿ, ವರ್ಷಪೂರ್ತಿ ಬಿಡತೈತಿ," ಎಂದು ಬೇರೆ ದೇಶದ ಯಾವುದೋ ಗಿಡ ಮುಂದೆ ಹಿಡಿದ. ಮನೆಗೆ ಬಂದು ಹೇಳಿದಾಗ ಅತ್ತೆ, "ವರ್ಷಪೂರ್ತಿ ಬಿಡೋ ಹೂ ಯಾರ್ ನೋಡ್ತಾರ?" ಅಂದರು.

ಮರುವರ್ಷ ಮಳೆ ಹಿಡಿದಾಗ ನಾವು ಮತ್ತೆ ಗುಂಜಿಗೆ ಹೋದೆವು. ಪೊದೆಯ ತುಂಬ ಹಣ್ಣು. ಮೊದಲು ಹಸಿರು, ಆಮೇಲೆ ಹಳದಿ, ಮಾಗಿದಾಗ ಕಪ್ಪು ನೇರಳೆ. ಅತ್ತೆ ನೆಲದ ಮೇಲೆ ಬಿದ್ದ ಹಣ್ಣು ಆರಿಸಿ, ತೊಳೆದು, ಬೀಜ ತೆಗೆದು, ಮನೆಗೆ ತಂದು ಬೂದಿ ಸವರಿ ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟರು. ಹೀರೇಕಾಯಿ, ಅವರೆಯ ಬೀಜವನ್ನು ಅವರು ಹಾಗೇ ಇಡುತ್ತಿದ್ದರು. ಶ್ರಾವಣದಲ್ಲಿ ಒಳ್ಳೇ ದಿನ ನೋಡಿ ಬಿತ್ತಿದರು. ಒಂದೂ ಮೊಳೆಯಲಿಲ್ಲ. ಮಣ್ಣು ಕೆದರಿ ನೋಡಿದರೆ ಬೀಜ ಟೊಳ್ಳಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

ಅಣ್ಣನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವನು ಆಗಷ್ಟೇ ಹೊಲದಿಂದ ಬಂದಿದ್ದ.

"ಪೊದಿ ಬುಡಕ್ಕ ಸಸಿ ಅದಾವೇನು ನೋಡಿ ಹೇಳ್ರಿ," ಅಂದರು ಅತ್ತೆ.

ಅವನು ಮರುದಿನ ನೋಡಿ ಹೇಳಿದ: "ಅದಾವ್ರಿ ಅವ್ವಾರ. ತರಗಿನ ಕೆಳಗ ಸಣ್ಣ ಸಣ್ಣ ಮೊಳಕಿ ಬಂದಾವು. ಬಿಸಿಲಿಗೆ ಬಿದ್ದ ಬೀಜ ಎಲ್ಲಾ ಒಣಗ್ಯಾವು."

ಅತ್ತೆ ನನ್ನ ಕಡೆ ನೋಡಿ, "ಒಣಗಸಬಾರದಾಗಿತ್ತು. ನಾ ಅದನ್ನ ಹೀರೀಕಾಯಿ ಅಂತ ತಿಳಕೊಂಡಿದ್ದೆ," ಎಂದು ನಕ್ಕುಬಿಟ್ಟರು.

ಇನ್ನೊಂದು ಸಂಗತಿಯೂ ಆಗ ಗೊತ್ತಾಯಿತು. ಮನೆ ಮುಂದಿನ ಮಣ್ಣನ್ನು ಅಗೆಸಿದಾಗ ಒಂದು ಮೊಳದ ಕೆಳಗೆ ಮಣ್ಣೇ ಇರಲಿಲ್ಲ. ಇಟ್ಟಂಗಿ ಚೂರು, ಗಟ್ಟಿಯಾದ ಸಿಮೆಂಟಿನ ಉಂಡೆಗಳು, ಹೆಂಚಿನ ತುಂಡು, ಯಾರದೋ ಒಂಟಿ ಚಪ್ಪಲಿ. ಮನೆ ಕಟ್ಟಿದವರು ಎಲ್ಲ ಅಲ್ಲೇ ಹೂತು ಮೇಲೆ ಮಣ್ಣು ಹರವಿ ಹೋಗಿದ್ದರು. ಯಜಮಾನರು ತಾವೇ ಹಾರೆ ಹಿಡಿದು ಎರಡು ರವಿವಾರ ಅದನ್ನೆಲ್ಲ ಎತ್ತಿ ಹಾಕಿದರು. ಅಲ್ಲಿಯವರೆಗೆ ಈ ಗಿಡದ ಸಂಗತಿಯನ್ನು ಅವರು ನಮ್ಮಿಬ್ಬರ ಹುಚ್ಚು ಎಂದುಕೊಂಡಿದ್ದರು. ಬೆವರು ಸುರಿಸಿದ ಮೇಲೆ ಅವರ ಧಾಟಿ ಬದಲಾಯಿತು. ಮನೆಗೆ ಬಂದವರಿಗೆ "ನಮ್ಮ ಅಂಜನಿ ಕುಣಿ" ಎಂದು ಖಾಲಿ ಗುಂಡಿಯನ್ನೇ ತೋರಿಸತೊಡಗಿದರು. ಅಣ್ಣ ತನ್ನ ಹೊಲದ ಕೆಂಪು ಗರಸು ಮಣ್ಣನ್ನೂ ಗೇರು ಗಿಡದ ಕೆಳಗಿನ ಕೊಳೆತ ತರಗನ್ನೂ ಚೀಲಗಟ್ಟಲೆ ತುಂಬಿ ಟೆಂಪೋದಲ್ಲಿ ಕಳಿಸಿದ.

ಮೂರನೆಯ ವರ್ಷ ಮಳೆಗೆ ಗುಂಜಿಗೆ ಹೋಗಿ, ಹಣ್ಣು ಆರಿಸಿದ ದಿನವೇ ಮನೆಗೆ ಬಂದು, ಕಾಲು ತೊಳೆಯುವ ಮುಂಚೆ ಬೀಜ ಊರಿದೆವು. ಮೇಲೆ ತರಗು ಹೊದಿಸಿದೆವು. ಮಳೆ ಜಡಿಯುತ್ತಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ ಕಾಯುತ್ತ ಕುಳಿತರು. ಒಂದು ಮುಂಜಾನೆ ನಾನು ಆಫೀಸಿಗೆ ಹೊರಡುವಾಗ ಅವರು ಕೂಗಿದರು. ತರಗನ್ನು ಎತ್ತಿಕೊಂಡು ಎರಡು ಸಸಿ ತಲೆ ಹೊರಗೆ ಹಾಕಿದ್ದವು, ತಲೆಯ ಮೇಲೆ ಮಡಚಿದ ಕೊಡೆಯಂಥ ಎಲೆ. ಆ ದಿನ ಆಫೀಸಿಗೆ ತಡವಾಗಿ ಹೋದೆ.

ಎರಡರಲ್ಲಿ ಒಂದನ್ನು ಆ ಮಳೆಗಾಲದಲ್ಲೇ ಬಸವನಹುಳು ತಿಂದಿತು. ಅತ್ತೆ ಹುಳುವನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಎದುರಿನ ಖಾಲಿ ಪ್ಲಾಟಿನಲ್ಲಿ ಬಿಟ್ಟು ಬಂದರು. "ಅದಕ್ಕೂ ಹಸಿವಿರ್ತದ," ಅಂದರು, ಆದರೆ ದನಿಯಲ್ಲಿ ಸಿಟ್ಟಿತ್ತು.

ಉಳಿದ ಒಂದಕ್ಕೆ ಬೇಸಿಗೆಯಲ್ಲಿ ಬೋರಿನ ನೀರು ಆಗಿಬರಲಿಲ್ಲ. ಎಲೆಯ ಮೇಲೆ ಬಿಳಿ ಕಲೆ ಕೂತು ಅಂಚು ಸುಟ್ಟಂತಾಯಿತು. ಆದ್ದರಿಂದ ಮಾಳಿಗೆಯ ಮಳೆನೀರನ್ನು ಹಿಡಿಯಲು ನೀಲಿ ಡ್ರಮ್ಮೊಂದು ತಂದಿಟ್ಟೆವು. ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಮಳೆ ಬಿಟ್ಟು ಬಿಟ್ಟು ಬೀಳುವ ದಿನಗಳಲ್ಲಿ ಡೆಂಗಿಯ ತಪಾಸಣೆಗೆ ಒಬ್ಬ ಹೆಣ್ಣುಮಗಳು ಬಂದಳು. ಕೊರಳಿಗೆ ಚೀಟಿ, ಕೈಯಲ್ಲಿ ಬ್ಯಾಟರಿ. ಡ್ರಮ್ಮಿನೊಳಗೆ ಬೆಳಕು ಬಿಟ್ಟು ನೋಡಿ, "ಅಜ್ಜೀ, ಹುಳಾ ತುಂಬ್ಯಾವ್ರಿ. ಈಗಿಂದೀಗ ಚೆಲ್ರಿ," ಅಂದಳು.

ಅತ್ತೆಯ ಮುಖ ಸಣ್ಣದಾಯಿತು. "ಚೆಲ್ಲಿದ್ರ ಸಾಯ್ತಾವಲ್ಲವಾ."

"ಸಾಯಲೆಂತನ ಚೆಲ್ಲೂದ್ರಿ ಅಜ್ಜಿ! ಸೊಳ್ಳಿ ಆಗ್ತಾವ ಅವು. ನಿಮ್ಮ ಓಣ್ಯಾಗ ಜ್ವರ ಬಂದ್ರ?"

ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ನಾನು ನಡುವೆ ನಿಂತೆ. ಕೊನೆಗೆ ಅತ್ತೆಯೇ ಒಳಗೆ ಹೋಗಿ ನೀರು ಸೋಸುವ ಬಟ್ಟೆ ತಂದರು. ಡ್ರಮ್ಮಿನ ನೀರನ್ನೆಲ್ಲ ಬಟ್ಟೆಯಲ್ಲಿ ಸೋಸಿ ಬಕೆಟ್ಟುಗಳಿಗೆ ತುಂಬಿದೆವು, ಹುಳುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಿಟ್ಟೆವು. ಆ ಹೆಣ್ಣುಮಗಳು ಹೋಗದೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಯಜಮಾನರು ಡಬ್ಬಿಯನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಊರಾಚೆಯ ಕೆರೆಗೆ ಹೊರಟರು.

"ಕೆರ್ಯಾಗ ಮೀನ ಅದಾವೇನು?" ಎಂದು ಅತ್ತೆ ಹಿಂದಿನಿಂದ ಕೇಳಿದರು.

ಯಜಮಾನರು ಕೇಳಿಸದವರಂತೆ ಸ್ಕೂಟರು ಚಾಲೂ ಮಾಡಿದರು. ಆ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅತ್ತೆಯೂ ನಕ್ಕರು. ಅಂದಿನಿಂದ ಡ್ರಮ್ಮಿನ ಬಾಯಿಗೆ ಎರಡು ಮಡಿಕೆ ಬಟ್ಟೆ ಬಿಗಿಯಾಗಿ ಕಟ್ಟಿರುತ್ತದೆ. ಆಮೇಲೆ ಹುಳು ಆಗಲಿಲ್ಲ.

ಗಿಡ ಬೆಳೆದದ್ದು ಬಹಳ ನಿಧಾನ. ನೆರೆಯವರ ನುಗ್ಗೆ ಗಿಡ ಮಾಳಿಗೆ ಮುಟ್ಟಿದಾಗ ನಮ್ಮದು ಇನ್ನೂ ಮೊಣಕಾಲು ಮುಟ್ಟಿರಲಿಲ್ಲ. ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಇಣುಕಿ, "ಏನ್ರಿ ಇದು, ಶೋ ಗಿಡಾನ?" ಎಂದು ಕೇಳುತ್ತಿದ್ದರು. ಅತ್ತೆಗೆ ಆ ಮಾತು ಸೇರುತ್ತಿರಲಿಲ್ಲವಾದರೂ ಅವಸರವೇನೂ ಇರಲಿಲ್ಲ. ಮುಂಜಾನೆ ಬಸದಿಗೆ ಹೋಗಿ ಬಂದು, ಒಂದು ಚೊಂಬು ನೀರು ಹಾಕಿ, ಬಿದ್ದ ಎಲೆಯನ್ನು ಬುಡಕ್ಕೇ ಸರಿಸಿ, ಅಲ್ಲೇ ಕುರ್ಚಿಯಲ್ಲಿ ಕುಳಿತು ಜಪ ಮಾಡುತ್ತಿದ್ದರು. ಚಿಗುರು ಬಂದಾಗ ನಸುಗೆಂಪಾಗಿರುತ್ತಿತ್ತು. ನಾನು ಆಫೀಸಿನಿಂದ ಬಂದ ಕೂಡಲೇ, "ಇವತ್ತೊಂದು ಎಲಿ ಬಿಚ್ಚಿತು," ಎಂದು ಹೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಮಾತಾಡಿದ್ದೆಲ್ಲ ಅಡಿಗೆ, ಹಬ್ಬ, ಮಕ್ಕಳ ಪರೀಕ್ಷೆ. ಈಗ ಅವರು ತಮ್ಮ ತವರಿನ ಬಾವಿಯ ಕಟ್ಟೆ, ಅದರ ಪಕ್ಕದಲ್ಲಿದ್ದ ನೇರಳೆ ಮರ, ಅದರ ಕೆಳಗೆ ಆಡಿದ ಆಟಗಳನ್ನು ಹೇಳತೊಡಗಿದರು. ಅವರ ಮದುವೆಯಾದ ವರ್ಷವೇ ಆ ಮರವನ್ನು ಕಡಿದು ಅಲ್ಲೊಂದು ಕೋಣೆ ಕಟ್ಟಿದರಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಗಲ್ಲಿಯ ಮನೆಯಲ್ಲಿ ಇಂಥ ಮಾತಿಗೆ ಜಾಗವಿರಲಿಲ್ಲವೋ, ಹೊತ್ತಿರಲಿಲ್ಲವೋ.

ನಾನು ನಿವೃತ್ತಳಾದ ವರ್ಷ ಗಿಡ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ಮಾರ್ಚಿನಲ್ಲಿ ಒಂದು ದಿನ ಕಸ ಗುಡಿಸುತ್ತ ಬುಡದ ಹತ್ತಿರ ಬಗ್ಗಿದೆ. ಕೆಳಗಿನ ಕೊಂಬೆಯ ತೊಗಟೆಯ ಮೇಲೆ ಗುಲಾಬಿ ಬಣ್ಣದ ಹರಳು ಹರವಿದ ಹಾಗೆ ಏನೋ ಕಾಣಿಸಿತು. ಮುಟ್ಟಿದರೆ ಗಟ್ಟಿ. ಮೊಗ್ಗು. ಪೊರಕೆ ಹಿಡಿದುಕೊಂಡೇ ಒಳಗೆ ಓಡಿ ಅತ್ತೆಯ ಕೈ ಹಿಡಿದು ಕರೆದುಕೊಂಡು ಬಂದೆ. ಅವರು ಬಗ್ಗಲಾರದೆ ಕುರ್ಚಿ ಎಳೆಸಿ ಕುಳಿತು, ಕೊಂಬೆಯ ಮೇಲೆ ಬೆರಳಾಡಿಸಿ ನೋಡಿದರು.

"ಇಷ್ಟ ಸಣ್ಣದು," ಅಂದರು, "ಎಷ್ಟ ತಯಾರಿ ನೋಡವಾ ಇದರದು."

ವಾರ ಕಳೆಯುವಷ್ಟರಲ್ಲಿ ಆ ಒಂದೇ ಕೊಂಬೆ ನೀಲಿಯಾಯಿತು. ಉಳಿದ ಗಿಡ ಹಸಿರಾಗೇ ಇತ್ತು. ಅಣ್ಣ ಗುಂಜಿಯಿಂದ ಅದನ್ನು ನೋಡಲೆಂದೇ ಬಂದ. ಗಿಡದ ಸುತ್ತ ಒಂದು ಸುತ್ತು ಹಾಕಿ, "ಬಂತ್ ನೋಡ್ರಿ ಅವ್ವಾರ, ಖರೇ ಬಂತು," ಎಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಪಕ್ಕದ ಮನೆಯವರು ಫೋಟೋ ತೆಗೆದುಕೊಂಡು ಹೋಗಿ ಎಲ್ಲರಿಗೂ ಕಳಿಸಿದರು. ಓಣಿಯ ಜನ ಎರಡು ಮೂರು ದಿನ ಬಂದು ನೋಡಿದರು. ಸಣ್ಣ ಜೇನುಹುಳುಗಳು ಎಲ್ಲಿಂದಲೋ ಬಂದವು. ಅವು ಬಂದಾಗ ಅತ್ತೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮಳೆಯ ಹೊತ್ತಿಗೆ ಹಿಡಿಯಷ್ಟು ಹಣ್ಣಾದವು. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಒಗರು, ಹಿಂದಿನಿಂದ ಸಿಹಿ, ನಾಲಿಗೆಯೆಲ್ಲ ನೇರಳೆ. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಹೊಟ್ಟೆ ತುಂಬ ತಿಂದ ರುಚಿ. ಅತ್ತೆಗೊಂದು ಕೊಡಹೋದೆ, ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡವಾ. ಅಜ್ಞಾತ ಫಲ ತಿನ್ನಬಾರದು."

ಗೊತ್ತಿಲ್ಲದ ಹಣ್ಣನ್ನು ಮುಟ್ಟಬಾರದೆಂಬುದು ಅವರ ಧರ್ಮದ ಕಟ್ಟಳೆ. ಯಜಮಾನರು ಪೇಪರು ಕೆಳಗಿಟ್ಟು, "ಅವ್ವಾ, ಬೀಜ ಊರಿದಾಕಿ ನೀನು, ನೀರ್ ಹಾಕಿದಾಕಿ ನೀನು. ನಿನಗ ಇದು ಅಜ್ಞಾತ ಹ್ಯಾಂಗ ಆತು?" ಅಂದರು.

"ಗಿಡ ಗೊತ್ತೋ. ಹಣ್ಣಿನ ಒಳಗ ಗೊತ್ತಿಲ್ಲ."

ಯಾರೂ ಒತ್ತಾಯ ಮಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಇನ್ನೂ ಬಿಸಿಲಿರುವಾಗ, ಅವರು ತಾವೇ ಒಂದು ಉದುರಿದ ಹಣ್ಣು ತೊಳೆದು ತಂದರು. ಉಗುರಿನಿಂದ ಸೀಳಿ, ಕನ್ನಡಕದ ಹತ್ತಿರ ಹಿಡಿದು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಹುಳವಿರಲಿಲ್ಲ. ಅರ್ಧ ಬಾಯಿಗೆ ಹಾಕಿಕೊಂಡು, ಅರ್ಧ ನನಗೆ ಕೊಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

"ಒಗರ ಐತಿ," ಅಂದರು.

"ಮತ್ತ ತಿಂತೀರೇನ್ರಿ?"

"ಮುಂದಿನ ವರ್ಷ ನೋಡೂಣು."

ಆ ಬೀಜವನ್ನೂ ಉಳಿದ ಹಣ್ಣುಗಳ ಬೀಜಗಳನ್ನೂ ಅಂದೇ ಹಾಲಿನ ಖಾಲಿ ಪಾಕೀಟುಗಳಲ್ಲಿ ಊರಿದೆವು. ಬಂದ ಸಸಿಗಳಲ್ಲಿ ಒಂದನ್ನು ಬಸದಿಯ ಅಂಗಳದಲ್ಲಿ ಹಚ್ಚಿದೆವು, ಅದು ಉಳಿಯಲಿಲ್ಲ. ಯಾರೋ ಹುಲ್ಲಿನ ಜೊತೆ ಕೊಯ್ದುಬಿಟ್ಟರು. ಇನ್ನೊಂದನ್ನು ಪಕ್ಕದ ಮನೆಯವರು ಕೇಳಿ ಒಯ್ದರು, ಚೆನ್ನಾಗಿದೆ. ಮಗಳು ಹುಬ್ಬಳ್ಳಿಗೆ ಒಯ್ದದ್ದು ಕುಂಡದಲ್ಲೇ ಇದೆ, ಎಲೆ ಹೊಳೆಯುತ್ತಿದೆಯಂತೆ.

ಈ ಮಳೆಗಾಲದಲ್ಲಿ ಮೂವರೂ ಕಾರಿನಲ್ಲಿ ಘಟ್ಟದ ಮೇಲಿನ ಕಣಕುಂಬಿಯ ಕಡೆ ಹೋಗಿದ್ದೆವು. ಮಂಜು ರಸ್ತೆಯ ಮೇಲೆ ಇಳಿದಿತ್ತು. ಮುಂದೆ ಕುಳಿತಿದ್ದ ಅತ್ತೆ ಕಿಟಕಿಗೆ ಹಣೆ ಹಚ್ಚಿಕೊಂಡು ಬದಿಯ ಪೊದೆಗಳನ್ನು ನೋಡುತ್ತ ಬಂದರು. ಒಂದು ತಿರುವಿನಲ್ಲಿ, "ನಿಲ್ಲಸಪಾ, ನಿಲ್ಲಸು," ಅಂದರು. ಹಸಿರು ಪೊದೆಯೊಂದರ ಮೇಲೆ ಅಲ್ಲಲ್ಲಿ ಹಾಲಿನಂಥ ಬಿಳಿ ಎಲೆ, ನಡುವೆ ಪುಟ್ಟ ಕೇಸರಿ ಹೂ. ನನಗೂ ಅದರ ಹೆಸರು ನೆನಪಾಗಲಿಲ್ಲ.

"ಅವ್ವಾ, ಮನೀ ಮುಂದ ಇನ್ನ ಜಾಗ ಇಲ್ಲ," ಅಂದರು ಯಜಮಾನರು.

"ನಾ ಏನ್ ಕೇಳಿದ್ನಿ? ಸುಮ್ನ ನೋಡಾಕತ್ತೀನಿ."

ಯಜಮಾನರು ಇಳಿದು ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು. ಜಿಟಿಜಿಟಿ ಮಳೆಯಲ್ಲಿ ತಾಯಿ ಮಗ ಆ ಪೊದೆಯ ಮುಂದೆ ನಿಂತುಕೊಂಡರು. ನಾನು ಕಾರಿನ ಬಾಗಿಲು ತೆಗೆದಿಟ್ಟು, ಥರ್ಮಾಸಿನಿಂದ ಚಹಾ ಬಗ್ಗಿಸಿದೆ.